ತಮಗೆ ತಾವೇ ಬರೆದುಕೊಂಡ ನಾಲ್ಕು ಮಾತು



ಐದು ವರ್ಷದ ಹಿಂದೆ, ಪದವಿಯ ಕೊನೆಯ ಪರೀಕ್ಷೆಗೆ ಮೊದಲು, ನಮ್ಮ ಯುವಕೂಟದಲ್ಲಿ ಹನ್ನೊಂದು ಮಂದಿ ಒಂದೊಂದು ಪತ್ರ ಬರೆದಿಟ್ಟಿದ್ದೆವು. ಐದು ವರ್ಷ ಕಳೆದ ಮೇಲೆ ನಾವೇ ಓದಬೇಕು ಎಂದು ನಮಗೆ ನಾವೇ ಬರೆದ ಪತ್ರ. ಈ ಸಲ ಈಸ್ಟರ್ ಹಬ್ಬ ಮುಗಿದ ಮೇಲೆ ಲಕೋಟೆ ಒಡೆದೆವು. ಮೊದಲು ನಗು ಬಂತು, ಆಮೇಲೆ ಮುಜುಗರವಾಯಿತು. ಕೆಲಸ ಸಿಕ್ಕಿತಾ, ಸಂಬಳ ಎಷ್ಟು, ಬೈಕ್ ಯಾವುದು, ಮದುವೆ ಆಯಿತಾ? ಹೆಚ್ಚುಕಡಿಮೆ ಎಲ್ಲರ ಪತ್ರದಲ್ಲೂ ಇವೇ ಪ್ರಶ್ನೆಗಳು. ಉತ್ತರ ಹೇಳಲು ಎರಡು ನಿಮಿಷ ಸಾಕಾಯಿತು. ‘ನಾನು ಇಂಥದ್ದನ್ನು ಬಿಡುವುದಿಲ್ಲ’ ಎಂದು ಒಬ್ಬರೂ ಬರೆದಿರಲಿಲ್ಲ.

ಅದಾಗಿ ಕೆಲವು ವಾರಕ್ಕೆ ನಮ್ಮಲ್ಲಿ ನಾಲ್ವರು ಕೊಯಮತ್ತೂರಿಗೆ ಹೋಗಬೇಕಾಯಿತು. ಉಕ್ಕಡಂನಲ್ಲಿ ಬಸ್ಸಿಳಿದರೆ ಒಂದು ಕಡೆ ದೊಡ್ಡ ಕೆರೆ, ತಲೆಯ ಮೇಲೆ ಹೊಸ ಮೇಲ್ಸೇತುವೆ, ಸುತ್ತ ಪಾಲಕ್ಕಾಡ್, ಪೊಳ್ಳಾಚಿ ಬಸ್ಸುಗಳ ಕೂಗು. ಅಲ್ಲಿಂದ ಪೇಟೆಯ ಕಡೆ ನಡೆದು ಹೋಗುವಷ್ಟು ದೂರದಲ್ಲಿ ಸಂತ ಮಿಕಾಯೇಲರ ಪ್ರಧಾನಾಲಯ ಇದೆ. ಇದರ ಕೆಲಸ ಶುರುವಾದದ್ದು ಕೊಯಮತ್ತೂರಿನ ಮೊದಲ ಧರ್ಮಾಧ್ಯಕ್ಷ ಮೆಲ್ಕಿಯೋರ್ ದ ಮಾರಿಯೋನ್ ಬ್ರೆಸಿಯಾಕ್ ಅವರ ಕಾಲದಲ್ಲಿ. ಅವರ ಕಥೆ ಓದಿದಾಗ ನಮ್ಮ ಲಕೋಟೆಗಳು ನೆನಪಾದವು. ಇದು ಪರಊರಿನ ಕಥೆ ಎಂದುಕೊಳ್ಳಬೇಡಿ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು.

ಬ್ರೆಸಿಯಾಕ್ ಹುಟ್ಟಿದ್ದು 1813ರಲ್ಲಿ, ದಕ್ಷಿಣ ಫ್ರಾನ್ಸಿನ ಕಾಸ್ತೆಲ್ನೊದಾರಿ ಎಂಬ ಊರಿನಲ್ಲಿ. 1838ರಲ್ಲಿ ಗುರುದೀಕ್ಷೆ ಪಡೆದು ಸ್ವಂತ ಊರಿನಲ್ಲೇ ಸೇವೆಗೆ ನಿಂತರು. ಆರಾಮವಾಗಿ ಅಲ್ಲೇ ಇರಬಹುದಿತ್ತು. ಆದರೆ 1841ರಲ್ಲಿ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಮಠ ಸೇರಿ, ಮರುವರ್ಷ ತರಬೇತಿ ಮುಗಿಸಿ ಭಾರತಕ್ಕೆ ಹೊರಟರು. ಆಗ ಅವರಿಗೆ 28 ವರ್ಷ. ನಮ್ಮ ಹಾಗೆ ಕಾಲೇಜು ಹುಡುಗರಲ್ಲ ನಿಜ. ಆದರೂ ಕಲಿಕೆ ಮುಗಿದಿದೆ, ಮುಂದೇನು ಗೊತ್ತಿಲ್ಲ ಎಂಬ ಹೊಸ್ತಿಲಲ್ಲೇ ನಿಂತಿದ್ದರು. ಹೊರಡುವ ಮುಂಚಿನ ಧ್ಯಾನಕೂಟದಲ್ಲಿ ತಮಗಾಗಿ ನಾಲ್ಕು ನಿರ್ಧಾರ ಬರೆದುಕೊಂಡರು. ಮನಸಾರೆ ಪ್ರೇಷಿತನಾಗಿರುವುದು, ದೇವರ ಕೆಲಸಕ್ಕೆ ಬೇಕಾದ ಯಾವುದನ್ನೂ ಅಲಕ್ಷ್ಯ ಮಾಡದಿರುವುದು, ಶುಭಸಂದೇಶ ಸಾರುವ ಯಾವ ಅವಕಾಶವನ್ನೂ ಬಿಡದಿರುವುದು, ಇವು ಮೂರು. ನಾಲ್ಕನೆಯದಕ್ಕೆ ಮಾತ್ರ ವಿಶೇಷವಾಗಿ ದೇವರ ಆಶೀರ್ವಾದ ಬೇಡಿದರು. ತಮ್ಮ ಶಕ್ತಿ, ಸಾಧನ, ಯೋಚನೆ ಎಲ್ಲವನ್ನೂ ಆಯಾ ನಾಡಿನವರನ್ನೇ ಗುರುಗಳಾಗಿ ತಯಾರು ಮಾಡಲು ಬಳಸಬೇಕು ಎಂಬುದು ಅದು.

ಮೊದಲ ಮೂರನ್ನು ಯಾವ ಮಿಷನರಿಯೂ ಬರೆದಾನು. ನಾಲ್ಕನೆಯದು ಹಾಗಲ್ಲ. 1842ರ ಜುಲೈಯಲ್ಲಿ ಪುದುಚೇರಿಗೆ ಬಂದಿಳಿದ ಇವರಿಗೆ ಎರಡು ವರ್ಷದಲ್ಲೇ ಅಲ್ಲಿನ ಗುರುಮಠದ ಹೊಣೆ ಸಿಕ್ಕಿತು. 1846ರಲ್ಲಿ, ಇನ್ನೂ 32 ವರ್ಷಕ್ಕೇ, ಕೊಯಮತ್ತೂರು ಭಾಗದ ಹೊಣೆ ಹೊತ್ತು ಕರುಮತ್ತಂಪಟ್ಟಿಯಲ್ಲಿ ಧರ್ಮಾಧ್ಯಕ್ಷ ದೀಕ್ಷೆ ಪಡೆದರು. ಆದರೆ ಭಾರತೀಯ ಗುರುಗಳು ಯುರೋಪಿನವರಿಗೆ ಸರಿಸಮ ನಿಲ್ಲಬೇಕು, ಮುಂದೆ ಧರ್ಮಸಭೆಯನ್ನು ಅವರೇ ನಡೆಸಬೇಕು ಎಂಬ ಮಾತು ಜೊತೆಯ ಮಿಷನರಿಗಳಲ್ಲಿ ಹಲವರಿಗೆ ಹಿಡಿಸಲಿಲ್ಲ. ಇದರ ಮೇಲೆ ಜಾತಿಯ ಆಚರಣೆಗಳ ಪ್ರಶ್ನೆ ಬೇರೆ. ಯಾವುದನ್ನು ನಾಡಿನ ಪದ್ಧತಿ ಎಂದು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದು ಅವರ ಮನಸ್ಸಾಕ್ಷಿಯನ್ನು ಕೊರೆಯುತ್ತಿತ್ತು. ರೋಮಿಗೆ ಬರೆದು ಬರೆದು ಕೇಳಿದರು. ಮನಸ್ಸು ತಿಳಿಯಾಗಲಿಲ್ಲ. ಕೊನೆಗೆ ರಾಜೀನಾಮೆ ಕೊಟ್ಟರು. 1855ರಲ್ಲಿ ರೋಮ್ ಅದನ್ನು ಒಪ್ಪಿತು.

ಪ್ರಧಾನಾಲಯದ ಕೆಲಸ ಮುಗಿಯುವಾಗ ಅವರು ಇಲ್ಲಿರಲಿಲ್ಲ. ಲೋಕದ ಲೆಕ್ಕದಲ್ಲಿ ಇದು ಸೋಲೇ. ನಮ್ಮ ಐದು ವರ್ಷದ ಪತ್ರದ ಲೆಕ್ಕದಲ್ಲೂ ಅಷ್ಟೇ: ಹುದ್ದೆ ಹೋಯಿತು, ಊರು ಹೋಯಿತು. ಆದರೆ ಬ್ರೆಸಿಯಾಕ್ ಇಲ್ಲಿ ಕಳೆದ ಹನ್ನೆರಡು ವರ್ಷದ ನೆನಪುಗಳನ್ನು ಕೂತು ಬರೆದರು. ಆಮೇಲೆ 1856ರ ಡಿಸೆಂಬರ್ 8ರಂದು ಲಿಯೋನ್ ನಗರದಲ್ಲಿ ಆಫ್ರಿಕಾ ಮಿಷನ್ ಸಂಸ್ಥೆ ಕಟ್ಟಿ, ಅದೇ ನಾಲ್ಕನೆಯ ಮಾತನ್ನು ಹಿಡಿದು ಹೊರಟರು. 1859ರ ಮೇ ತಿಂಗಳಲ್ಲಿ ಸಿಯೆರಾ ಲಿಯೋನಿನ ಫ್ರೀಟೌನಿಗೆ ಕಾಲಿಟ್ಟವರು ಜೂನ್ 25ಕ್ಕೆ ಹಳದಿ ಜ್ವರದಿಂದ ತೀರಿಕೊಂಡರು. ವಯಸ್ಸು 45. ಕೊಯಮತ್ತೂರಿಗೆ ಭಾರತೀಯ ಧರ್ಮಾಧ್ಯಕ್ಷರು ಬಂದದ್ದು 1940ರಲ್ಲಿ.

ಹಾಗಾದರೆ ಬರೆದದ್ದನ್ನೆಲ್ಲ ಹಾಗೇ ಹಿಡಿದುಕೊಂಡು ಕೂರಬೇಕೇ ಎಂದು ನಮ್ಮಲ್ಲೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಸಂತ ಅಗಸ್ಟೀನರ ಬಳಿ ಇನ್ನೊಂದು ಉತ್ತರ ಸಿಗುತ್ತದೆ. ಅವರು ಮೂವತ್ತೆರಡರ ಆಸುಪಾಸಿನಲ್ಲಿ, ಮಿಲಾನಿನ ಅಧ್ಯಾಪಕ ಕೆಲಸ ಬಿಟ್ಟ ಹೊಸದರಲ್ಲಿ, ತಮ್ಮ ಜೊತೆ ತಾವೇ ಮಾತಾಡುವ ಪುಸ್ತಕವೊಂದನ್ನು ಬರೆದರು. ಶುದ್ಧರಾದವರು ಮಾತ್ರ ಸತ್ಯವನ್ನು ತಿಳಿಯಲಿ ಎಂಬುದು ದೇವರ ಇಚ್ಛೆ ಎಂದು ಅದರಲ್ಲಿ ಹೇಳಿದ್ದರು. ಎಪ್ಪತ್ತು ದಾಟಿದ ಮೇಲೆ ತಮ್ಮ ಪುಸ್ತಕಗಳನ್ನು ಸಾಲಾಗಿ ಮತ್ತೆ ಓದುತ್ತಾ ಈ ಮಾತಿಗೆ ಬಂದಾಗ, ಇದು ಸರಿಯಲ್ಲ, ಶುದ್ಧರಲ್ಲದ ಎಷ್ಟೋ ಜನರಿಗೂ ಎಷ್ಟೋ ಸತ್ಯಗಳು ಗೊತ್ತು ಎಂದು ತಿದ್ದಿದರು. ಹಳೆಯ ಪುಸ್ತಕವನ್ನು ಬಚ್ಚಿಡಲಿಲ್ಲ, ಹರಿದು ಹಾಕಲೂ ಇಲ್ಲ. ಬರೆದವನಿಗೆ ಓದಿದವನು ಉತ್ತರ ಕೊಟ್ಟ ಹಾಗಾಯಿತು.

ನಾವು ಊರಿಗೆ ಬಂದ ಮೇಲೆ ಹಳೆಯ ಪತ್ರಗಳ ಹಿಂಬದಿಯಲ್ಲೇ ಉತ್ತರ ಬರೆದೆವು. ಬೈಕಿನ ಪ್ರಶ್ನೆಗೂ ಬರೆದೆವು, ಪಾಪ, ಕೇಳಿದವನಿಗೆ ಬೇಸರವಾಗಬಾರದಲ್ಲ! ಆಮೇಲೆ ಹೊಸ ಹಾಳೆಯಲ್ಲಿ ಒಬ್ಬೊಬ್ಬರೂ ಒಂದೇ ಒಂದು ಮಾತು ಬರೆಯಬೇಕೆಂದು ಗೊತ್ತುಮಾಡಿಕೊಂಡೆವು. ಒಂದು ಗಂಟೆ ಕೂತರೂ ಮೂವರಿಗೆ ಏನೂ ಹೊಳೆಯಲಿಲ್ಲ. ಅವರ ಹಾಳೆ ಖಾಲಿಯಾಗಿಯೇ ಲಕೋಟೆ ಸೇರಿತು, ಮೇಲೆ ಹೆಸರು, ತಾರೀಖು ಮಾತ್ರ. ಈ ವರ್ಷ ಪದವಿ ಮುಗಿಸುತ್ತಿರುವವರು ಮುಂದಿನ ಭಾನುವಾರ ಪೂಜೆಯ ನಂತರ ಬನ್ನಿ. ಲಕೋಟೆ ನಾವು ಕೊಡುತ್ತೇವೆ, ಪೆನ್ನು ನೀವೇ ತನ್ನಿ.