ಕಂದುರೋಗ

ಕಂದುರೋಗವು ಹಸು, ಎಮ್ಮೆ, ಕುರಿ, ಮೇಕೆ, ಹಂದಿ ಮುಂತಾದ ಪ್ರಾಣಿಗಳಲ್ಲಿ ಗರ್ಭಪಾತ ಹಾಗೂ ಬಂಜೆತನವನ್ನು ಉಂಟುಮಾಡುವ, ಮನುಷ್ಯರಿಗೂ ಹರಡುವ ಒಂದು ದೀರ್ಘಕಾಲಿಕ ಸೋಂಕುರೋಗವಾಗಿದೆ. ಬ್ರುಸೆಲ್ಲಾ ಕುಲಕ್ಕೆ ಸೇರಿದ ಬ್ಯಾಕ್ಟೀರಿಯಾಗಳು ಇದಕ್ಕೆ ಕಾರಣ. ವೈದ್ಯಕೀಯ ಗ್ರಂಥಗಳಲ್ಲಿ ಇದನ್ನು ಬ್ರುಸೆಲ್ಲೋಸಿಸ್ ಎಂದು ಕರೆಯಲಾಗುತ್ತದೆ. ಕರ್ನಾಟಕದ ಎಲ್ಲ ಹೈನುಗಾರಿಕೆ ಪ್ರದೇಶಗಳಂತೆ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿಯೂ ಈ ರೋಗವು ಪಶುಪಾಲಕರ ಆದಾಯ ಮತ್ತು ಆರೋಗ್ಯ ಎರಡಕ್ಕೂ ಸಂಬಂಧಿಸಿದ ವಿಷಯವಾಗಿದೆ.

ಹೆಸರು

ಇಲ್ಲಿನ ‘ಕಂದು’ ಬಣ್ಣವನ್ನು ಸೂಚಿಸುವ ಪದವಲ್ಲ. ಗಬ್ಬದ ಹಸು ದಿನ ತುಂಬುವ ಮೊದಲೇ ಕರುವನ್ನು ಹೊರಹಾಕುವುದಕ್ಕೆ ಹಳ್ಳಿಗಳಲ್ಲಿ ‘ಕಂದು ಹಾಕುವುದು’ ಎನ್ನುತ್ತಾರೆ. ರೋಗದ ಹೆಸರು ಅದರಿಂದಲೇ ಬಂದಿದೆ. ಆದರೆ ಕಂದು ಹಾಕಿದ ಪ್ರತಿಯೊಂದು ಹಸುವಿಗೂ ಕಂದುರೋಗವಿರುತ್ತದೆ ಎಂದು ತಿಳಿಯಬಾರದು. ಹೆಸರು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ.

ಸಂಶೋಧನೆಯ ಇತಿಹಾಸ

1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಈ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದನು. ಕುಲದ ಹೆಸರು ಅವನಿಂದ ಬಂದಿದೆ. ಜ್ವರದ ಮೂಲ ಯಾವುದೆಂಬುದು ಹಲವು ವರ್ಷ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದ ವೈದ್ಯ ಥೆಮಿಸ್ಟೊಕ್ಲಿಸ್ ಝಾಮಿತ್, ಆರೋಗ್ಯವಾಗಿ ಕಾಣುತ್ತಿದ್ದ ಮೇಕೆಗಳೇ ಸೋಂಕನ್ನು ಹೊತ್ತಿವೆ ಎಂದು ತೋರಿಸಿದನು. ಹಸಿ ಹಾಲಿನ ಬಳಕೆಯನ್ನು ನಿಲ್ಲಿಸಿದ ಮೇಲೆ ಸೈನಿಕರಲ್ಲಿ ಜ್ವರ ಕಡಿಮೆಯಾಯಿತು. ಇದರ ನಡುವೆ ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್ ಹಸುಗಳ ಗರ್ಭಪಾತಕ್ಕೆ ಕಾರಣವಾದ ಮತ್ತೊಂದು ಜೀವಿಯನ್ನು ಗುರುತಿಸಿದ್ದನು. ಮೇಕೆಯ ಜ್ವರ ಮತ್ತು ಹಸುವಿನ ಗರ್ಭಪಾತ ಎರಡೂ ಹತ್ತಿರದ ಸಂಬಂಧಿಗಳಾದ ಜೀವಿಗಳ ಕೆಲಸವೆಂದು 1918ರಲ್ಲಿ ಪ್ರಕಟಿಸಿದವರು ಅಮೆರಿಕದ ಆಲಿಸ್ ಇವಾನ್ಸ್. ಹಸಿ ಹಾಲು ಅಪಾಯಕಾರಿ ಎಂಬ ಅವರ ಮಾತನ್ನು ಅಂದಿನ ವಿಜ್ಞಾನಿಗಳು ಮತ್ತು ಹೈನೋದ್ಯಮ ಬಹುಕಾಲ ಒಪ್ಪಲಿಲ್ಲ. ಪ್ರಯೋಗಾಲಯದಲ್ಲಿ ಸ್ವತಃ ಸೋಂಕಿಗೆ ಒಳಗಾದ ಅವರು ವರ್ಷಗಟ್ಟಲೆ ಮರುಕಳಿಸುವ ಜ್ವರವನ್ನು ಅನುಭವಿಸಿದರು.

ಭಾರತದಲ್ಲಿ ಈ ರೋಗ 1942ರಿಂದ ದಾಖಲಾಗಿದೆ. ಕರ್ನಾಟಕದಲ್ಲಿ ಇದರ ಅಧ್ಯಯನ ಮುಖ್ಯವಾಗಿ ಬೆಂಗಳೂರಿನ ಹೆಬ್ಬಾಳ ಮತ್ತು ಯಲಹಂಕದ ಸಂಸ್ಥೆಗಳಲ್ಲಿ ನಡೆದಿದೆ: ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ, ಹಾಗೂ ಯಲಹಂಕದಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ನಿವೇದಿ ಸಂಸ್ಥೆ. ನಿವೇದಿಯು 2013ರವರೆಗೆ ಪಶುರೋಗ ಕಣ್ಗಾವಲಿನ ಯೋಜನಾ ನಿರ್ದೇಶನಾಲಯವಾಗಿತ್ತು. ಎಲೈಸಾ ಆಧಾರಿತ ಪರೀಕ್ಷಾ ಕಿಟ್‌ಗಳನ್ನು ಅದು ಅಭಿವೃದ್ಧಿಪಡಿಸಿದೆ. ಮನುಷ್ಯರಲ್ಲಿನ ರೋಗದ ಕುರಿತು ವಿಜಯಪುರದ ಸೂಕ್ಷ್ಮಜೀವಿ ವಿಜ್ಞಾನಿ ಬಸಪ್ಪ ಮಂಟೂರ ಮತ್ತು ಸಂಗಡಿಗರು ನಡೆಸಿದ ಕೆಲಸ ದೇಶದಲ್ಲೇ ಪ್ರಮುಖವಾದುದು. ಹದಿನಾರು ವರ್ಷಗಳ ಅವಧಿಯಲ್ಲಿ ಪತ್ತೆಯಾದ 495 ವಯಸ್ಕ ರೋಗಿಗಳ ವಿವರವನ್ನು ಅವರು 2006ರಲ್ಲಿ ಪ್ರಕಟಿಸಿದರು. ಬೇರೆ ಜಿಲ್ಲೆಗಳಲ್ಲಿ ರೋಗಿಗಳು ಕಡಿಮೆ ಕಂಡುಬರುವುದಕ್ಕೆ ರೋಗ ಇಲ್ಲದಿರುವುದಕ್ಕಿಂತ, ಹುಡುಕದಿರುವುದೇ ಹೆಚ್ಚಿನ ಕಾರಣವಿರಬಹುದೆಂಬುದನ್ನು ಈ ಅಧ್ಯಯನ ಸೂಚಿಸುತ್ತದೆ.

ಪ್ರಾಣಿಗಳಲ್ಲಿ ರೋಗ

ಹಸು ಮತ್ತು ಎಮ್ಮೆಗಳಲ್ಲಿ ಸಾಮಾನ್ಯವಾಗಿ ಬ್ರುಸೆಲ್ಲಾ ಅಬಾರ್ಟಸ್, ಕುರಿ ಮತ್ತು ಮೇಕೆಗಳಲ್ಲಿ ಬ್ರುಸೆಲ್ಲಾ ಮೆಲಿಟೆನ್ಸಿಸ್ ಪ್ರಭೇದ ಕಂಡುಬರುತ್ತದೆ. ಮನುಷ್ಯರಿಗೆ ಹೆಚ್ಚು ಅಪಾಯಕಾರಿಯಾದುದು ಎರಡನೆಯದು. ಮೇವು, ನೀರು ಅಥವಾ ನೆಕ್ಕುವಿಕೆಯ ಮೂಲಕ ದೇಹ ಸೇರಿದ ಬ್ಯಾಕ್ಟೀರಿಯಾ ರಕ್ಷಕ ಕೋಶಗಳ ಒಳಗೇ ಬದುಕುತ್ತದೆ. ರೋಗ ದೀರ್ಘಕಾಲ ಉಳಿಯುವುದು ಈ ಗುಣದಿಂದ. ಗಬ್ಬದ ಪ್ರಾಣಿಯ ಗರ್ಭಕೋಶದಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂತಹ ವಸ್ತು ಹೇರಳವಾಗಿದ್ದು, ಬ್ಯಾಕ್ಟೀರಿಯಾ ಅಲ್ಲಿ ಅಪಾರ ಸಂಖ್ಯೆಯಲ್ಲಿ ಬೆಳೆಯುತ್ತದೆ. ಮಾಸು ಉರಿಯೂತಕ್ಕೆ ಒಳಗಾಗಿ, ಹೆಚ್ಚಾಗಿ ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಕರು ಬಿದ್ದುಹೋಗುತ್ತದೆ. ಬಳಿಕ ಮಾಸು ಬೀಳದೆ ಉಳಿಯುವುದು, ಗರ್ಭಕೋಶ ಕೊಳೆಯುವುದು, ಹಾಲು ಇಳಿಯುವುದು, ಮತ್ತೆ ಗಬ್ಬ ನಿಲ್ಲದಿರುವುದು ಸಾಮಾನ್ಯ. ಹೋರಿಗಳಲ್ಲಿ ವೃಷಣ ಊದಿಕೊಳ್ಳುತ್ತದೆ. ಹಳೆಯ ಸೋಂಕಿರುವ ಕೆಲವು ದನಗಳ ಮುಂಗಾಲಿನ ಮಂಡಿಯಲ್ಲಿ ನೀರು ತುಂಬಿದ ಗಡ್ಡೆ ಕಾಣಿಸುತ್ತದೆ.

ರೋಗವು ಪಶುಪಾಲಕರನ್ನು ಮೋಸಗೊಳಿಸುವುದು ಇದರ ನಂತರ. ಒಮ್ಮೆ ಕಂದು ಹಾಕಿದ ಹಸುಗಳಲ್ಲಿ ಬಹುಪಾಲು ಮುಂದಿನ ಸಲ ದಿನ ತುಂಬಿದ ಕರುವನ್ನೇ ಹಾಕುತ್ತವೆ. ಹಸು ವಾಸಿಯಾಯಿತೆಂದು ಯಜಮಾನ ಭಾವಿಸುತ್ತಾನೆ. ಆದರೆ ಪ್ರತಿ ಕರು ಹಾಕುವಾಗಲೂ ಮಾಸು ಮತ್ತು ಸ್ರಾವದಲ್ಲಿ, ಆ ಬಳಿಕ ಹಾಲಿನಲ್ಲಿ ಬ್ಯಾಕ್ಟೀರಿಯಾ ಹೊರಬರುತ್ತಲೇ ಇರುತ್ತದೆ. ಹುಟ್ಟಿದ ಹೆಣ್ಣುಕರುಗಳಲ್ಲಿ ಕೆಲವು ಸೋಂಕನ್ನು ಒಳಗಿಟ್ಟುಕೊಂಡು ಬೆಳೆದು, ತಮ್ಮ ಮೊದಲ ಗಬ್ಬದಲ್ಲಿ ಮಾತ್ರ ಅದನ್ನು ಪ್ರಕಟಿಸುತ್ತವೆ.

ಗರ್ಭಪಾತದ ಇತರ ಕಾರಣಗಳು

ಲೆಪ್ಟೊಸ್ಪೈರೋಸಿಸ್ ಮತ್ತು ಐ.ಬಿ.ಆರ್. ಎಂಬ ವೈರಸ್ ರೋಗದಲ್ಲಿಯೂ ದನಗಳು ಕಂದು ಹಾಕುತ್ತವೆ. ಪರಾವಲಂಬಿಗಳಲ್ಲಿ ಹೋರಿಯ ಮೂಲಕ ಹರಡುವ ಟ್ರೈಕೊಮೊನಾಸ್ ಗಬ್ಬದ ಮೊದಲ ತಿಂಗಳುಗಳಲ್ಲೇ ಗರ್ಭಪಾತ ಉಂಟುಮಾಡುತ್ತದೆ; ನಿಯೋಸ್ಪೋರಾ ನಾಯಿಯ ಮಲದಿಂದ ಮೇವಿಗೆ ಸೇರುತ್ತದೆ. ಉಣ್ಣೆಗಳಿಂದ ಹರಡುವ ಥೈಲೇರಿಯಾ ಮತ್ತು ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ತೀವ್ರ ಜ್ವರ ಹಾಗೂ ರಕ್ತಹೀನತೆಯಿಂದ ಗಬ್ಬ ಹೋಗಬಹುದು. ಮಿಶ್ರತಳಿ ಹಸುಗಳು ಥೈಲೇರಿಯಾಕ್ಕೆ ನಾಟಿ ಹಸುಗಳಿಗಿಂತ ಸುಲಭವಾಗಿ ತುತ್ತಾಗುತ್ತವೆ. ಆದ್ದರಿಂದ ಗರ್ಭಪಾತದ ತಿಂಗಳು, ಜ್ವರ ಇತ್ತೇ ಎಂಬ ವಿವರ ಮತ್ತು ರಕ್ತದ ಮಾದರಿ ಇಲ್ಲದೆ ಕಾರಣವನ್ನು ನಿರ್ಧರಿಸಲಾಗದು.

ತೆಂಗಿನ ಸೀಮೆಯ ಸಂದರ್ಭ

ತಿಪಟೂರು ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರು. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಒಣಗಬೇಕು. ಆ ಹಣ ಬರುವುದು ತಡವಾಗಿ, ಅದೂ ಬೆಲೆ ಇದ್ದರೆ. ಮನೆಯ ದಿನನಿತ್ಯದ ಖರ್ಚು ಡೇರಿಗೆ ಹಾಕುವ ಹಾಲಿನಿಂದ ನಡೆಯುತ್ತದೆ. ಎರಡು ಹಸುಗಳಿರುವ ಮನೆಯಲ್ಲಿ ಒಂದು ಕಂದು ಹಾಕಿದರೆ ಆ ಸೂಲಿನ ಕರುವಿನ ಜೊತೆಗೆ ಹಾಲಿನ ಬಹುಭಾಗವೂ ಹೋಗುತ್ತದೆ. ಇಂತಹ ಹಸುವನ್ನು ಯಾರಿಗೂ ತಿಳಿಸದೆ ಸಂತೆಯಲ್ಲಿ ಮಾರಿಬಿಡುವ ಒತ್ತಡ ಹುಟ್ಟುವುದು ಇಲ್ಲಿಂದಲೇ, ಮತ್ತು ರೋಗ ಒಂದು ಊರಿನಿಂದ ಇನ್ನೊಂದಕ್ಕೆ ಸಾಗುವ ಮುಖ್ಯ ದಾರಿಯೂ ಇದೇ. ಹೊಸ ಹಸುವನ್ನು ಪರೀಕ್ಷೆಗೆ ಮೊದಲು ಕೊಟ್ಟಿಗೆಗೆ ಸೇರಿಸಬಾರದೆಂಬ ಪಶುವೈದ್ಯರ ಸಲಹೆ, ಒಂದೇ ಕೊಟ್ಟಿಗೆಯಿರುವ ಮನೆಗಳಲ್ಲಿ ಪಾಲಿಸಲು ಕಷ್ಟವಾದುದು.

ತೋಟದ ಬೇಸಾಯದ ಕ್ರಮಗಳೂ ಇಲ್ಲಿ ಗಮನಾರ್ಹ. ಕೊಟ್ಟಿಗೆ ಗೊಬ್ಬರ ತೆಂಗಿನ ಬುಡ ಸೇರುತ್ತದೆ. ಚಿಕ್ಕನಾಯಕನಹಳ್ಳಿಯ ಕಡೆ ಕುರಿಮಂದೆಗಳನ್ನು ಗೊಬ್ಬರಕ್ಕಾಗಿ ಹೊಲ–ತೋಟಗಳಲ್ಲಿ ರಾತ್ರಿ ನಿಲ್ಲಿಸುವ ರೂಢಿಯಿದೆ. ಬ್ಯಾಕ್ಟೀರಿಯಾ ನೇರ ಬಿಸಿಲಿನಲ್ಲಿ ಬೇಗ ಸಾಯುತ್ತದೆ, ಆದರೆ ತಂಪು, ತೇವ ಮತ್ತು ನೆರಳಿರುವಲ್ಲಿ, ವಿಶೇಷವಾಗಿ ಮಾಸು ಅಥವಾ ಗೊಬ್ಬರದೊಳಗೆ, ತಿಂಗಳುಗಟ್ಟಲೆ ಉಳಿಯಬಲ್ಲದು. ಹಳೆ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಕರು ಹಾಕಿದ ಹಸುವಿನ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಾರೆ. ಆಲದಂತೆ ಹಸುವಿಗೂ ಹಾಲು ಹೆಚ್ಚಲೆಂಬುದು ನಂಬಿಕೆ. ಮಾಸನ್ನು ನಾಯಿಗಳಿಗೆ ಸಿಗದಂತೆ ಇಡುವುದರಲ್ಲಿ ಈ ಪದ್ಧತಿಗೆ ಸ್ವಲ್ಪ ಪ್ರಯೋಜನವೂ ಉಂಟು. ಆದರೆ ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎತ್ತಿ ಕಟ್ಟುವವನಿಗೆ ಸೋಂಕು ತಗಲುವ ಸಾಧ್ಯತೆ ಬಹಳ. ಸತ್ತ ಕರು ಮತ್ತು ಮಾಸನ್ನು ಕೈಗವಸು ಹಾಕಿಕೊಂಡು ಎತ್ತಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಸರಿಯಾದ ಕ್ರಮ.

ಈ ಭಾಗವು ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳ ನೆಲೆಯೂ ಹೌದು. ತಿಪಟೂರು ತಾಲ್ಲೂಕಿನ ಕೋನೇಹಳ್ಳಿಯಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಮೃತಮಹಲ್ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಮೃತಮಹಲಿನಂತಹ ಕಡಿಮೆ ಸಂಖ್ಯೆಯ ತಳಿಯಲ್ಲಿ ಒಂದು ತಳಿಹೋರಿ ಸೋಂಕಿಗೊಳಗಾದರೂ ಆಗುವ ನಷ್ಟ ಹಾಲಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಮನುಷ್ಯರಲ್ಲಿ ರೋಗ

ಸೋಂಕಿತ ಪ್ರಾಣಿಯ ಹೆರಿಗೆ ಮಾಡಿಸುವವರು, ಕುರಿಗಾಹಿಗಳು, ಪಶುವೈದ್ಯರು, ಕಸಾಯಿಖಾನೆ ಮತ್ತು ಪ್ರಯೋಗಾಲಯದ ಕೆಲಸಗಾರರಿಗೆ ಅಪಾಯ ಹೆಚ್ಚು. ಚರ್ಮದ ಗಾಯ, ಕಣ್ಣು, ಉಸಿರು ಮತ್ತು ಹಸಿ ಹಾಲಿನ ಮೂಲಕ ಸೋಂಕು ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ಅಪರೂಪ. ಏರಿಳಿಯುವ ಜ್ವರ, ರಾತ್ರಿ ವಿಪರೀತ ಬೆವರು, ಸೊಂಟ ಮತ್ತು ಕೀಲುನೋವು, ಸುಸ್ತು ಮುಖ್ಯ ಲಕ್ಷಣಗಳು. ಪುರುಷರಲ್ಲಿ ವೃಷಣದ ಊತ, ಗರ್ಭಿಣಿಯರಲ್ಲಿ ಗರ್ಭಪಾತ ಆಗಬಹುದು. ಬೆನ್ನುಮೂಳೆಗೆ ತಗಲಿದಾಗ ಕ್ಷಯವೆಂದೂ, ಜ್ವರ ಮಾತ್ರವಿದ್ದಾಗ ಟೈಫಾಯಿಡ್ ಅಥವಾ ಮಲೇರಿಯಾ ಎಂದೂ ತಪ್ಪು ತಿಳಿಯುವ ಸಂಭವವಿದೆ. ರೋಗಿಯು ದನ–ಕುರಿಗಳೊಂದಿಗೆ ಕೆಲಸ ಮಾಡುವುದನ್ನೂ, ಇತ್ತೀಚೆಗೆ ಮನೆಯ ಹಸು ಕಂದು ಹಾಕಿರುವುದನ್ನೂ ವೈದ್ಯರಿಗೆ ಹೇಳಿದರೆ ಪತ್ತೆ ಸುಲಭವಾಗುತ್ತದೆ.

ಚಿಕಿತ್ಸೆಯಲ್ಲಿ ಡಾಕ್ಸಿಸೈಕ್ಲಿನ್ ಔಷಧವನ್ನು ಆರು ವಾರ, ಅದರೊಂದಿಗೆ ರಿಫಾಂಪಿಸಿನ್ ಅಥವಾ ಎರಡು–ಮೂರು ವಾರ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡಲಾಗುತ್ತದೆ. ಜ್ವರ ಬಿಟ್ಟ ಕೂಡಲೇ ಔಷಧ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುತ್ತದೆ. ಹಾಲನ್ನು ಕಾಯಿಸಿ ಬಳಸುವ ಮನೆಗಳಲ್ಲಿ ಹಾಲಿನಿಂದ ಅಪಾಯವಿಲ್ಲ. ಕಾಯಿಸಿದ ಹಾಲಿನ ಮೊಸರು, ಚೆನ್ನಾಗಿ ಬೇಯಿಸಿದ ಗಿಣ್ಣು ಕೂಡ ಸುರಕ್ಷಿತ. ಮೇಕೆಯ ಹಾಲನ್ನು ಕರೆದ ಹಾಗೆಯೇ ಕುಡಿಯುವುದು ಆರೋಗ್ಯಕರವೆಂಬ ನಂಬಿಕೆ ಮಾತ್ರ ಅಪಾಯಕಾರಿ.

ಪತ್ತೆ

ರೋಸ್ ಬೆಂಗಾಲ್ ಪರೀಕ್ಷೆಯಲ್ಲಿ ರಕ್ತಸಾರದ ಒಂದು ಹನಿಯನ್ನು ಗುಲಾಬಿ ಬಣ್ಣದ ಪ್ರತಿಜನಕದೊಂದಿಗೆ ಬೆರೆಸುತ್ತಾರೆ. ನಾಲ್ಕು ನಿಮಿಷದೊಳಗೆ ಗರಣೆ ಕಟ್ಟಿದರೆ ಸೋಂಕಿನ ಸಂಶಯ. ಅದನ್ನು ಎಲೈಸಾ ಮುಂತಾದ ಪರೀಕ್ಷೆಗಳಿಂದ ಖಚಿತಪಡಿಸುತ್ತಾರೆ. ಹಾಲಿನ ಉಂಗುರ ಪರೀಕ್ಷೆ ಸಹಕಾರ ಸಂಘಗಳಿಗೆ ಹೊಂದುವಂಥದ್ದು: ಬಣ್ಣ ಹಾಕಿದ ಪ್ರತಿಜನಕವನ್ನು ಹಾಲಿಗೆ ಸೇರಿಸಿದಾಗ, ಪ್ರತಿಕಾಯಗಳಿದ್ದರೆ ಅದು ಕೆನೆಯೊಂದಿಗೆ ಮೇಲೇರಿ ನೀಲಿ ಉಂಗುರವಾಗುತ್ತದೆ. ಕ್ಯಾನಿನಲ್ಲಿ ಹಲವು ಮನೆಗಳ ಹಾಲು ಬೆರೆತಿರುವುದರಿಂದ ಊರಲ್ಲಿ ಸೋಂಕಿದೆಯೇ ಎಂಬುದು ಇದರಿಂದ ತಿಳಿಯುತ್ತದೆ, ಯಾವ ಹಸುವಿಗೆ ಎಂಬುದಲ್ಲ.

ಲಸಿಕೆ ಮತ್ತು ನಿಯಂತ್ರಣ

ಪ್ರಾಣಿಗಳಲ್ಲಿ ಈ ರೋಗಕ್ಕೆ ಪ್ರಾಯೋಗಿಕವಾದ ಚಿಕಿತ್ಸೆಯಿಲ್ಲ. ಹಲವು ದೇಶಗಳು ಸೋಂಕಿತ ದನಗಳನ್ನು ಪರೀಕ್ಷಿಸಿ ವಧಿಸುವ ಮೂಲಕ ರೋಗವನ್ನು ನಿವಾರಿಸಿವೆ. ಭಾರತದಲ್ಲಿ ಕಾನೂನು, ಧಾರ್ಮಿಕ ಭಾವನೆ ಮತ್ತು ಪರಿಹಾರದ ವೆಚ್ಚದ ಕಾರಣ ಆ ಮಾರ್ಗ ಕಷ್ಟಸಾಧ್ಯ. ಹೀಗಾಗಿ ಲಸಿಕೆಯೇ ಆಧಾರ. 1923ರಲ್ಲಿ ಅಮೆರಿಕದಲ್ಲಿ ಒಂದು ಜೆರ್ಸಿ ಹಸುವಿನ ಹಾಲಿನಿಂದ ಪಡೆದ ಎಸ್–19 ಎಂಬ ದುರ್ಬಲಗೊಂಡ ತಳಿಯಿಂದ ಈ ಲಸಿಕೆ ತಯಾರಾಗುತ್ತದೆ. 2019ರ ಸೆಪ್ಟೆಂಬರ್ 11ರಂದು ಮಥುರಾದಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದೊಂದಿಗೆ ಕಂದುರೋಗವನ್ನೂ ಸೇರಿಸಲಾಗಿದೆ. ನಾಲ್ಕರಿಂದ ಎಂಟು ತಿಂಗಳ ಹಸು ಮತ್ತು ಎಮ್ಮೆಯ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಂದೇ ಬಾರಿ ಉಚಿತವಾಗಿ ಲಸಿಕೆ ಹಾಕಿ, ಕಿವಿಗೆ 12 ಅಂಕಿಗಳ ಓಲೆ ತೊಡಿಸಿ ದಾಖಲಿಸಲಾಗುತ್ತದೆ.

ವಯಸ್ಸಿನ ಈ ಕಟ್ಟುಪಾಡಿಗೆ ಕಾರಣಗಳಿವೆ. ಜೀವಂತ ಲಸಿಕೆಯಾದ್ದರಿಂದ ಗಬ್ಬದ ಹಸುವಿಗೆ ಹಾಕಿದರೆ ಅದರಿಂದಲೇ ಗರ್ಭಪಾತವಾಗಬಹುದು, ಗಂಡುಕರುವಿಗೆ ವೃಷಣದ ಉರಿಯೂತ ಬರಬಹುದು. ಬೆಳೆದ ಹಸುವಿನಲ್ಲಿ ಪ್ರತಿಕಾಯಗಳು ಉಳಿದು ಮುಂದಿನ ಪರೀಕ್ಷೆಯನ್ನು ಗೊಂದಲಗೊಳಿಸುತ್ತವೆ. ಲಸಿಕೆ ಹಾಕುವವರ ಕೈಗೆ ಸೂಜಿ ಚುಚ್ಚಿದರೆ ಅವರಿಗೂ ರೋಗ ಬರುವ ಸಂಭವವಿದ್ದು, ಕೈಗವಸು ಮತ್ತು ಕನ್ನಡಕ ಕಡ್ಡಾಯ. ನಾಲ್ಕು ತಿಂಗಳ ಈ ಕಿರು ಅವಧಿಯಲ್ಲಿ ಲಸಿಕೆ ತಪ್ಪಿದ ಕರು ಕಾರ್ಯಕ್ರಮದಿಂದ ಶಾಶ್ವತವಾಗಿ ಹೊರಗುಳಿಯುತ್ತದೆ. ಕುರಿ ಮತ್ತು ಮೇಕೆಗಳು ಕಂದುರೋಗದ ಈ ಲಸಿಕೆಯ ವ್ಯಾಪ್ತಿಯಲ್ಲಿಲ್ಲ. ಹಸು, ಕುರಿಗಳು ಒಂದೇ ಗೋಮಾಳದಲ್ಲಿ ಮೇಯುವ ಊರುಗಳಲ್ಲಿ ಇದು ಚಿಕ್ಕ ಕೊರತೆಯಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಅನುಸೂಚಿತ ರೋಗಗಳ ಸಂಶಯವಿದ್ದಾಗ ಪ್ರಾಣಿಯ ಮಾಲೀಕರು ವರದಿ ಮಾಡಬೇಕು. ಹತ್ತಿರದ ಪಶುಚಿಕಿತ್ಸಾಲಯದಲ್ಲಿ ಕಂದು ಹಾಕಿದ ಹಸುವಿನ ರಕ್ತದ ಮಾದರಿಯನ್ನು ಪಡೆದು ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆಯಿದ್ದು, ಗರ್ಭಪಾತವಾದ ಎರಡು–ಮೂರು ವಾರಗಳ ನಂತರ ಇನ್ನೊಮ್ಮೆ ಮಾದರಿ ಪಡೆದರೆ ಫಲಿತಾಂಶ ಹೆಚ್ಚು ಖಚಿತವಾಗುತ್ತದೆ.