ಮೂಸಿ ನದಿ ಮತ್ತು ಸಲಹೆಗಾರನ ಏಳು ತಿಂಗಳು

ವಿಶ್ವೇಶ್ವರಯ್ಯ ಎಂದರೆ ನಮಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ, ಮೈಸೂರು ಪೇಟ, ದಿವಾನಗಿರಿ. ಹುದ್ದೆಯಿಲ್ಲದ ವಿಶ್ವೇಶ್ವರಯ್ಯನವರನ್ನು ನಾವು ಅಷ್ಟಾಗಿ ಗಮನಿಸಿಲ್ಲ. 1908ರಲ್ಲಿ ಮುಂಬಯಿ ಸರ್ಕಾರದ ಕೆಲಸ ಬಿಟ್ಟ ಅವರು 1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಈ ನಡುವಿನ ಅವಧಿಯಲ್ಲಿ ಅವರು ಬಾಳಿದ್ದು ಸ್ವತಂತ್ರ ಸಲಹೆಗಾರರಾಗಿ. ಭಾರತೀಯ ಎಂಜಿನಿಯರನೊಬ್ಬ ಹಾಗೆ ಬದುಕುವುದು ಆ ಕಾಲದಲ್ಲಿ ಅಪರೂಪ.

ಕಾಯಂ ನೌಕರಿಯ ಆಸೆ ಕ್ಷೀಣಿಸುತ್ತಿರುವ ನನ್ನ ತಲೆಮಾರಿನ ಸಂಶೋಧಕರಲ್ಲಿ 'ಸ್ವತಂತ್ರವಾಗಿ ಏನಾದರೂ ಮಾಡೋಣ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಸ್ವಾತಂತ್ರ್ಯ ಯಾವುದರ ಮೇಲೆ ನಿಂತಿರುತ್ತದೆ ಎಂಬ ಪ್ರಶ್ನೆ ಇಟ್ಟುಕೊಂಡೇ ನಾನು ಈ ಏಳು ತಿಂಗಳ ಚರಿತ್ರೆಯನ್ನು ಓದಿದೆ.

1884ರಲ್ಲಿ ಮುಂಬಯಿ ಲೋಕೋಪಯೋಗಿ ಇಲಾಖೆ ಸೇರಿದ ವಿಶ್ವೇಶ್ವರಯ್ಯನವರಿಗೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ನೀರೇ ವಿದ್ಯೆಯಾಯಿತು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ಒದಗಿಸಿದರು. ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ, ನೆರೆ ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಕೂರಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಉಪಾಯ ಅದು. 1906ರಲ್ಲಿ ಸರ್ಕಾರ ಅವರನ್ನು ಏಡನ್ ಬಂದರಿನ ನೀರು ಮತ್ತು ಒಳಚರಂಡಿಯ ಪರಿಶೀಲನೆಗೆ ಕಳಿಸಿತು. ಆದರೆ ಇಲಾಖೆಯ ತುತ್ತತುದಿಯ ಹುದ್ದೆಗಳು ಆಗ ಭಾರತೀಯರಿಗೆ ಎಟುಕುತ್ತಿರಲಿಲ್ಲ. ಅವರು ಹೊರಬಂದರು. ಸರ್ಕಾರ ಪಿಂಚಣಿ ಕೊಟ್ಟು ಬೀಳ್ಕೊಟ್ಟಿತು. ಈ ಪಿಂಚಣಿಯ ಸಂಗತಿಯನ್ನು ನಾವು ಮರೆಯಬಾರದು. ಬೇಡದ ಕೆಲಸಕ್ಕೆ 'ಆಗುವುದಿಲ್ಲ' ಎನ್ನಲು ಧೈರ್ಯವಿದ್ದರೆ ಸಾಲದು, ಮನೆಯಲ್ಲಿ ಅಕ್ಕಿಯೂ ಇರಬೇಕು.

ಅವರು ವಿದೇಶ ಪ್ರವಾಸದಲ್ಲಿದ್ದಾಗ, 1908ರ ಸೆಪ್ಟೆಂಬರ್ 28ರಂದು, ಮೂಸಿ ನದಿ ಹೈದರಾಬಾದಿಗೆ ನುಗ್ಗಿತು. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರದಿಂದ ಕರೆ ಹೋಯಿತು. ಅವರು ಒಪ್ಪಿದರು. ಆದರೆ ಪ್ರವಾಸ ಮುಗಿಸಿಕೊಂಡು, 1909ರ ಏಪ್ರಿಲ್‌ನಲ್ಲಿ ಬಂದರು.

ಬಂದವರು ನಗರದ ಗೋಡೆಗಳಿಗಿಂತ ಮೊದಲು ನದಿಯ ಮೇಲ್ಭಾಗವನ್ನು ನೋಡಿದರು. ಶಂಷಾಬಾದಿನಲ್ಲಿ 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಮಳೆ ಬಿದ್ದಿತ್ತು. ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು; ಅವುಗಳಲ್ಲಿ 221 ಒಡೆದಿದ್ದವು. ಹೈದರಾಬಾದನ್ನು ಮುಳುಗಿಸಿದ್ದು ಆಕಾಶದ ಮಳೆಯೊಂದೇ ಅಲ್ಲ, ಒಂದರ ನೀರು ಇನ್ನೊಂದರ ಏರಿಯನ್ನು ಒಡೆಯುತ್ತ ಹರಿದ ಕೆರೆಗಳ ಸಾಲೂ ಹೌದು. ಹಾಗಾಗಿ ಊರಿನಲ್ಲಿ ದಂಡೆ ಎತ್ತರಿಸಿದರಷ್ಟೇ ಸಾಲದು. ನಗರದ ಮೇಲ್ಗಡೆ, ಮೂಸಿಗೊಂದು, ಅದನ್ನು ಸೇರುವ ಈಸಿಗೊಂದು ದೊಡ್ಡ ಜಲಾಶಯ ಕಟ್ಟಿ, ನೆರೆಯನ್ನು ಅಲ್ಲಿಯೇ ಹಿಡಿದು ನಿಧಾನವಾಗಿ ಬಿಡಬೇಕು ಎಂದು ಅಕ್ಟೋಬರ್ 1ರ ವರದಿಯಲ್ಲಿ ಸಲಹೆ ಕೊಟ್ಟರು. ಇಲಾಖೆಯೊಳಗೆ ಎರಡು ದಶಕ ಕಲಿತದ್ದನ್ನೇ ಇಲ್ಲಿ ಇನ್ನೊಂದು ನದಿಗೆ ಹೊಂದಿಸಿದ್ದರು. ಸಲಹೆಗಾರನ ನಿಜವಾದ ಬಂಡವಾಳ ಅವನ ಹಳೆಯ ಕೆಲಸ.

ವರದಿ ಒಪ್ಪಿಸಿದ ಮರುತಿಂಗಳೇ ಅವರು ಮೈಸೂರಿಗೆ ಹೊರಟರು. ಅಲ್ಲಿಯೂ ಕರೆ ಬಂದ ಕೂಡಲೇ ತಲೆಯಾಡಿಸಲಿಲ್ಲ; ತಾಂತ್ರಿಕ ಶಿಕ್ಷಣ, ಕೈಗಾರಿಕೆಗಳಿಗೆ ಸಂಸ್ಥಾನ ಕೈಹಾಕುವುದೇ ಎಂದು ಕೇಳಿ ತಿಳಿದ ಮೇಲೆ ಒಪ್ಪಿದರು. ಕೆಲಸ ಕೊಡುವವರನ್ನು ತಾನೂ ಪರೀಕ್ಷಿಸುವ ಸಲಹೆಗಾರನ ಅಭ್ಯಾಸ ಅದು.

ಇತ್ತ ಹೈದರಾಬಾದಿನಲ್ಲಿ ಸಲಹೆ ಇನ್ನೂ ಕಾಗದದ ಮೇಲಿತ್ತು. ಅದನ್ನು ಕಲ್ಲು ಗಾರೆಯಾಗಿಸಿದವರು ಅಲ್ಲಿಯ ಎಂಜಿನಿಯರುಗಳು. ಅವರಲ್ಲಿ ಮುಖ್ಯರು ಮೀರ್ ಅಹ್ಮದ್ ಅಲಿ, ಮುಂದೆ ನವಾಬ್ ಅಲಿ ನವಾಜ್ ಜಂಗ್ ಎಂದು ಹೆಸರಾದವರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಸಲಹೆಗೆ ಏಳು ತಿಂಗಳು, ಕಟ್ಟುವುದಕ್ಕೆ ಹದಿನೆಂಟು ವರ್ಷ. ತೆಲಂಗಾಣದಲ್ಲಿ ಅಲಿ ನವಾಜ್ ಜಂಗ್ ಅವರನ್ನು ಗೌರವದಿಂದ ನೆನೆಯುತ್ತಾರೆ. ಕನ್ನಡದಲ್ಲಿ ಹೈದರಾಬಾದಿನ ಕಥೆ ಹೇಳುವ ನಾವು ಮಾತ್ರ ಒಂದೇ ಹೆಸರಿಗೆ ನಿಲ್ಲುತ್ತೇವೆ. ಇದು ವಿಶ್ವೇಶ್ವರಯ್ಯನವರ ತಪ್ಪಲ್ಲ. ನಾವು ಚರಿತ್ರೆ ಹೇಳುವ ರೀತಿಯ ಕೊರತೆ.

ಮುಂದೆ ದಿವಾನಗಿರಿ ಬಿಟ್ಟ ಮೇಲೆ ಅವರು ಮತ್ತೆ ಸಲಹೆಗಾರರೇ ಆದರು. 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ್ದಕ್ಕೆ ಬರಬೇಕಾಗಿದ್ದ ಸಂಭಾವನೆಯನ್ನು ವೃತ್ತಿ ಶಿಕ್ಷಣ ಸಂಸ್ಥೆಗೆ ಮೀಸಲಿಡಲು ಹೇಳಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಹೆಸರಿನ ಸಂಸ್ಥೆ ಹುಟ್ಟಿದ್ದು ಹಾಗೆ. 1952ರಲ್ಲಿ, ತೊಂಬತ್ತು ದಾಟಿದ ಮೇಲೂ, ಬಿಹಾರದ ಮೊಕಾಮದಲ್ಲಿ ಗಂಗೆಗೆ ಎಲ್ಲಿ ಸೇತುವೆ ಕಟ್ಟಬೇಕೆಂಬ ಪ್ರಶ್ನೆ ಅವರ ಬಳಿಗೇ ಬಂತು.

ಸ್ವತಂತ್ರ ವೃತ್ತಿಯ ಕಥೆಯನ್ನು ನಾವು ಒಂಟಿ ಸಾಹಸದಂತೆ ಹೇಳಿಕೊಳ್ಳುತ್ತೇವೆ. ಈ ಏಳು ತಿಂಗಳು ಬೇರೆಯದನ್ನು ತೋರಿಸುತ್ತವೆ. ಅವುಗಳ ಹಿಂದೆ ಇಪ್ಪತ್ತನಾಲ್ಕು ವರ್ಷಗಳ ನೌಕರಿಯಿತ್ತು, ಪಿಂಚಣಿಯಿತ್ತು, ಮಳೆಯನ್ನು ಅಳೆದು ಬರೆದಿಟ್ಟ ಹೆಸರಿಲ್ಲದ ಗುಮಾಸ್ತರಿದ್ದರು. ಮುಂದೆ, ಹೇಳಿದ್ದನ್ನು ಕಟ್ಟಿ ಮುಗಿಸಿದವರಿದ್ದರು. ಸ್ವತಂತ್ರವಾಗಿ ಬದುಕಬೇಕೆನ್ನುವ ನನ್ನ ಗೆಳೆಯರಿಗೆ ಇದು ನಿರಾಸೆಯ ಮಾತಲ್ಲ. ಅದಕ್ಕೆ ಏನೇನು ಬೇಕಾಗುತ್ತದೆ ಎಂಬ ಪ್ರಾಮಾಣಿಕ ಲೆಕ್ಕ, ಅಷ್ಟೆ.