ಹಿಂದುಳಿದ ಮಗು: ಒಂದು ಹೆಸರಿನ ಚರಿತ್ರೆ

ಓದಿನಲ್ಲಿ ಹಿಂದೆ ಬೀಳುವ ಮಕ್ಕಳು ಎಲ್ಲ ಕಾಲದಲ್ಲಿಯೂ ಇದ್ದರು. ಅವರನ್ನು ಒಂದು ವರ್ಗವೆಂದು ಎಣಿಸಿ, ಆ ವರ್ಗಕ್ಕೆ ಸರ್ಕಾರಿ ಕಡತದಲ್ಲಿ ಹೆಸರಿಡುವ ರೂಢಿ ಮಾತ್ರ ಹತ್ತೊಂಬತ್ತನೆಯ ಶತಮಾನದ್ದು. ಶಾಲೆ ಕೆಲವೇ ಮನೆತನಗಳ ಸೊತ್ತಾಗಿದ್ದಾಗ, ವಿದ್ಯೆ ತಲೆಗೆ ಹತ್ತದ ಹುಡುಗ ಹೊಲಕ್ಕೋ ತಂದೆಯ ಕಸುಬಿಗೋ ಮರಳುತ್ತಿದ್ದ, ಅದನ್ನು ಯಾರೂ ದಾಖಲಿಸುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 1862ರ ಪರಿಷ್ಕೃತ ಸಂಹಿತೆಯು ಶಾಲೆಗಳಿಗೆ ದೊರೆಯುವ ಅನುದಾನವನ್ನು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳು ತೇರ್ಗಡೆಯಾಗುವುದಕ್ಕೆ ಜೋಡಿಸಿ, ಅದಕ್ಕಾಗಿ ಆರು ದರ್ಜೆಗಳನ್ನು ಗೊತ್ತುಪಡಿಸಿತು. ಫಲಿತಾಂಶಕ್ಕೆ ತಕ್ಕ ಸಂದಾಯ ಎಂಬ ಈ ಪದ್ಧತಿ ಮುಂಬಯಿ ಮತ್ತು ಮದ್ರಾಸ್ ಪ್ರಾಂತ್ಯಗಳ ಅನುದಾನ ನಿಯಮಗಳಿಗೂ ಬಂದಿತು. ದರ್ಜೆ ಮುಟ್ಟದ ಮಗು ಇನ್ನು ಮುಂದೆ ಶಾಲೆಗೆ ಆಗುವ ನಷ್ಟವಾಯಿತು, ನಷ್ಟಕ್ಕೆ ಕಾರಣ ಹೇಳಬೇಕಾದಾಗ ಆ ಮಗುವಿಗೆ ಒಂದು ಹೆಸರು ಬೇಕಾಯಿತು.

ಕೈಗೆ ಸಿಕ್ಕ ಹೆಸರುಗಳು ವೈದ್ಯರವು. ಫ್ರಾನ್ಸಿನಲ್ಲಿ 1882ರ ಕಾನೂನು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಮೇಲೆ, ಸಾಮಾನ್ಯ ತರಗತಿಯಲ್ಲಿ ಏಗಲಾರದ ಮಕ್ಕಳ ಗತಿಯೇನು ಎಂಬ ಪ್ರಶ್ನೆಯನ್ನು ವಿಚಾರಿಸಲು ಅಲ್ಲಿನ ಶಿಕ್ಷಣ ಮಂತ್ರಾಲಯ 1904ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಅದರ ಸದಸ್ಯರಲ್ಲಿ ಒಬ್ಬನಾಗಿದ್ದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಮೊದಲು ಗಮನಿಸಿದ್ದು ಮಕ್ಕಳ ಕೊರತೆಯನ್ನಲ್ಲ, ಅವರನ್ನು ವರ್ಣಿಸುವ ಮಾತಿನ ಕೊರತೆಯನ್ನು. ಈಡಿಯಟ್, ಇಂಬೆಸಿಲ್, ದೆಬಿಲ್ ಎಂಬ ಮೂರು ಶಬ್ದಗಳನ್ನು ವೈದ್ಯರು ಬುದ್ಧಿಮಾಂದ್ಯದ ಮೂರು ಮಟ್ಟಗಳಿಗೆ ಬಳಸುತ್ತಿದ್ದರೂ, ಮಟ್ಟಗಳ ನಡುವಿನ ಗಡಿ ಎಲ್ಲಿದೆಯೆಂಬುದನ್ನು ಯಾರೂ ನಿಗದಿಪಡಿಸಿರಲಿಲ್ಲ. ಹೀಗಾಗಿ ಒಂದೇ ಮಗು ಒಂದು ಆಸ್ಪತ್ರೆಯಲ್ಲಿ ಒಂದು ಹೆಸರನ್ನೂ ಕೆಲವೇ ದಿನಗಳ ನಂತರ ಇನ್ನೊಂದರಲ್ಲಿ ಮತ್ತೊಂದು ಹೆಸರನ್ನೂ ಪಡೆಯುವುದು ಸಾಧ್ಯವಿತ್ತು. ಆ ಹೆಸರಿನ ಮೇಲೆಯೇ ಮಗು ಯಾವ ಶಾಲೆಗೆ ಹೋಗಬೇಕೆಂಬುದು ತೀರ್ಮಾನವಾಗುವುದರಿಂದ, ಸಡಿಲವಾದ ಮಾತು ಇಲ್ಲಿ ಅನ್ಯಾಯವೇ ಆಗಿತ್ತು.

ಬಿನೆ ಮತ್ತು ಅವನ ಸಹಾಯಕ ತಿಯೊಡೋರ್ ಸಿಮೋನ್ 1905ರಲ್ಲಿ ರಚಿಸಿದ ಮಾಪಕ ಈ ಅಸ್ಪಷ್ಟತೆಗೆ ನೀಡಿದ ಉತ್ತರ. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದರಿಂದ ಆರಂಭವಾಗಿ ಅಮೂರ್ತ ಪದಗಳ ವ್ಯತ್ಯಾಸವನ್ನು ವಿವರಿಸುವವರೆಗೆ, ಏರುವ ಕ್ರಮದಲ್ಲಿ ಜೋಡಿಸಿದ 30 ಕೆಲಸಗಳು ಅದರಲ್ಲಿದ್ದವು. 1908ರ ಪರಿಷ್ಕರಣೆಯಲ್ಲಿ ಅವುಗಳನ್ನು ವಯಸ್ಸಿಗನುಗುಣವಾಗಿ ವಿಂಗಡಿಸಲಾಯಿತು. ಮಗು ಯಾವ ಕೆಲಸಗಳನ್ನು ಮಾಡಬಲ್ಲದು, ಯಾವ ವಯಸ್ಸಿನ ಸಾಮಾನ್ಯ ಮಕ್ಕಳು ಅವನ್ನು ಮಾಡುತ್ತಾರೆ ಎಂಬಷ್ಟನ್ನೇ ಅದು ಹೇಳುತ್ತಿತ್ತು. ಶಾಲೆಯ ಮಟ್ಟಿಗೆ ಅವರು ಸೂಚಿಸಿದ ಅಳತೆಯೂ ಇಷ್ಟೇ ಮಿತವಾದುದು: ಒಂಬತ್ತರ ಒಳಗಿನ ಮಗು ತನ್ನ ವಯಸ್ಸಿನವರಿಗಿಂತ 2 ವರ್ಷ, ಒಂಬತ್ತು ದಾಟಿದ ಮಗು 3 ವರ್ಷ ಹಿಂದಿದ್ದರೆ ಮಾತ್ರ ಪರೀಕ್ಷೆಗೆ ಕಳುಹಿಸಬೇಕು, ಅದರಲ್ಲಿಯೂ ಶಾಲೆಗೆ ಸರಿಯಾಗಿ ಬರದೆ ಹಿಂದುಳಿದವರನ್ನು ಲೆಕ್ಕದಿಂದ ಬಿಡಬೇಕು, ಏಕೆಂದರೆ ಕಲಿಸದೆ ಇರುವುದು ಬೇರೆ, ಕಲಿಯಲಾರದಿರುವುದು ಬೇರೆ. ಬುದ್ಧಿಯು ಹುಟ್ಟಿನಿಂದ ನಿಗದಿಯಾದ, ಹೆಚ್ಚಿಸಲಾಗದ ಪ್ರಮಾಣವೆಂಬ ನಂಬಿಕೆಯನ್ನು ಬಿನೆ 1909ರ ತನ್ನ ಗ್ರಂಥದಲ್ಲಿ ಖಂಡಿಸಿದ್ದಾನೆ, ಗಮನ ಮತ್ತು ನೆನಪಿನ ಶಕ್ತಿಗಳನ್ನು ತಿದ್ದಿ ಬೆಳೆಸುವ ಅಭ್ಯಾಸಗಳನ್ನೂ ರೂಪಿಸಿದ್ದಾನೆ. ಈ ಚರಿತ್ರೆಯಲ್ಲಿ ನಿಖರತೆಯನ್ನು ಮಗುವಿನ ಪರವಾಗಿ ಬಳಸಿದ ಮೊದಲಿಗರಲ್ಲಿ ಅವನ ಹೆಸರು ನಿಲ್ಲಬೇಕು.

ಅವನು 1911ರಲ್ಲಿ ತೀರಿಕೊಂಡ ನಂತರ ಮಾಪಕ ಉಳಿಯಿತು, ಎಚ್ಚರಿಕೆ ಉಳಿಯಲಿಲ್ಲ. ಮಾಪಕ ತೋರಿಸುವ ವಯಸ್ಸನ್ನು, ಅಂದರೆ ಮಾನಸಿಕ ವಯಸ್ಸನ್ನು, ನಿಜವಾದ ವಯಸ್ಸಿನಿಂದ ಭಾಗಿಸುವ ಕ್ರಮವನ್ನು ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಸೂಚಿಸಿದ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಆ ಭಾಗಲಬ್ಧವನ್ನು ನೂರರಿಂದ ಗುಣಿಸಿ ಬುದ್ಧಿಲಬ್ಧ, ಅಂದರೆ ಐಕ್ಯೂ, ಎಂಬ ಒಂದೇ ಅಂಕಿಯಾಗಿ ಪ್ರಚಾರಕ್ಕೆ ತಂದ. ಅವನಿಗೂ ಮೊದಲೇ, ನ್ಯೂಜರ್ಸಿಯ ವೈನ್‌ಲ್ಯಾಂಡ್ ಸಂಸ್ಥೆಯ ಹೆನ್ರಿ ಗಾಡರ್ಡ್ 1910ರಲ್ಲಿ, ಮಾನಸಿಕ ವಯಸ್ಸು 8ರಿಂದ 12ರವರೆಗೆ ನಿಂತವರಿಗಾಗಿ ಗ್ರೀಕ್ ಮೂಲದಿಂದ ಮೊರಾನ್ ಎಂಬ ಹೊಸ ಶಬ್ದವನ್ನು ಟಂಕಿಸಿದ್ದ. ವೈಜ್ಞಾನಿಕ ಪರಿಭಾಷೆಯೆಂದು ಹುಟ್ಟಿದ ಈ ಶಬ್ದ ಬೀದಿಯ ಬೈಗುಳವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಕನ್ನಡ ನಾಡಿಗೆ ಈ ಅಳತೆ ಬಂದದ್ದು ಧಾರವಾಡದ ಮೂಲಕ. ವಿ. ವಿ. ಕಾಮತ್ ಅವರು ಬಿನೆ ಮಾಪಕಕ್ಕೆ ಟರ್ಮನ್ ಮಾಡಿದ ಪರಿಷ್ಕರಣೆಯನ್ನು ಆಧಾರವಾಗಿಟ್ಟುಕೊಂಡು, ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳ ಮೇಲೆ ಪ್ರಯೋಗಿಸಿ ಸಿದ್ಧಪಡಿಸಿದ ಮಾಪಕವು 1934ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಗಿ, ಮುಂಬಯಿ-ಕರ್ನಾಟಕ ಪರಿಷ್ಕರಣೆಯೆಂದು ಹೆಸರಾಯಿತು. ಪ್ಯಾರಿಸ್ಸಿನ ಮಗು ಬಲ್ಲ ವಸ್ತುಗಳನ್ನು ಧಾರವಾಡದ ಮಗು ಬಲ್ಲದೆಂದು ಊಹಿಸುವಂತಿರಲಿಲ್ಲ, ಒಂದು ಪ್ರಶ್ನೆ ಯಾವ ವಯಸ್ಸಿಗೆ ಹೊಂದುತ್ತದೆಂಬುದನ್ನು ಇಲ್ಲಿನ ಮಕ್ಕಳಿಂದಲೇ ತಿಳಿಯಬೇಕಿತ್ತು. ಕಾಮತರ ಶ್ರಮದ ಬೆಲೆ ಇರುವುದು ಈ ವಿವೇಕದಲ್ಲಿ. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಭಾರತದ ಆಸ್ಪತ್ರೆಗಳಲ್ಲಿ ಅನೇಕ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು.

ಇಂಗ್ಲೆಂಡಿನಲ್ಲಿ ಹೆಸರಿನ ಹಾದಿ ಹೆಚ್ಚು ಕಠೋರವಾಗಿತ್ತು. 1899ರ ಕಾನೂನು ಇಂಥ ಮಕ್ಕಳನ್ನು ಡಿಫೆಕ್ಟಿವ್, ಅಂದರೆ ದೋಷವುಳ್ಳವರು, ಎಂದು ಕರೆಯಿತು. ಲಂಡನ್ನಿನ ಶಾಲೆಗಳ ಮನೋವಿಜ್ಞಾನಿಯಾಗಿದ್ದ ಸಿರಿಲ್ ಬರ್ಟ್ 1937ರ ತನ್ನ ಗ್ರಂಥದಲ್ಲಿ ಹಿಂದುಳಿದ ಮಗುವಿಗೆ ನೀಡಿದ ಲಕ್ಷಣ, ಅವನ ಇತರ ಸಂಶೋಧನೆಗಳ ಮೇಲೆ ಮುಂದೆ ಎದ್ದ ಆಕ್ಷೇಪಗಳೇನೇ ಇರಲಿ, ಗಮನಾರ್ಹವಾದುದು: ಶಾಲಾ ಜೀವನದ ನಡುಘಟ್ಟದಲ್ಲಿ, ತನ್ನ ವಯಸ್ಸಿಗೆ ಸಲ್ಲುವ ತರಗತಿಗಿಂತ ಒಂದು ತರಗತಿ ಕೆಳಗಿನ ಪಾಠವನ್ನೂ ನಿಭಾಯಿಸಲಾರದ ಮಗು. ಅದು ಮಗುವಿನ ಸ್ವಭಾವವನ್ನಲ್ಲ, ಮಗುವಿಗೂ ಒಂದು ನಿರ್ದಿಷ್ಟ ಪಾಠಕ್ಕೂ ಇರುವ ಅಂತರವನ್ನು ಹೇಳುತ್ತದೆ. ಆದರೆ 1944ರ ಶಿಕ್ಷಣ ಕಾನೂನಿನ ಬೆನ್ನಿಗೆ 1945ರಲ್ಲಿ ಬಂದ ನಿಯಮಗಳು ಆಯ್ದ ಪದವೆಂದರೆ ಶೈಕ್ಷಣಿಕವಾಗಿ ಸಾಮಾನ್ಯಕ್ಕಿಂತ ಕೆಳಗಿನವರು, ಇ.ಎಸ್.ಎನ್. ಎಂಬ ಮೂರಕ್ಷರ. ವೆಸ್ಟ್ ಇಂಡೀಸ್ ದ್ವೀಪಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳು, ತಮ್ಮ ಆಡುಮಾತು ಶಾಲೆಯ ಇಂಗ್ಲಿಷಿಗಿಂತ ಬೇರೆಯಾಗಿತ್ತೆಂಬ ಕಾರಣಕ್ಕೂ, ಈ ಮೂರಕ್ಷರದ ಶಾಲೆಗಳಲ್ಲಿ ತಮ್ಮ ಸಂಖ್ಯೆಗೆ ಮೀರಿದ ಪ್ರಮಾಣದಲ್ಲಿ ತುಂಬಿಕೊಂಡರು. ಅಲ್ಲಿ ಶಿಕ್ಷಕನಾಗಿದ್ದ ಗ್ರೆನಡಾ ಮೂಲದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಪ್ರಕಟಿಸಿದ ಕಿರುಪುಸ್ತಕದಲ್ಲಿ, ಈ ಮಕ್ಕಳು ಕೆಳಮಟ್ಟದವರಾಗಿ ಹುಟ್ಟಿದವರಲ್ಲ, ಶಾಲಾ ವ್ಯವಸ್ಥೆ ಅವರನ್ನು ಹಾಗೆ ಮಾಡುತ್ತಿದೆ ಎಂದು ವಾದಿಸಿದ. ಅವನ ಮಾತು ತಂದೆತಾಯಿಗಳ ಸಂಘಟನೆಗೆ ಕಾರಣವಾಯಿತು. ತತ್ತ್ವಜ್ಞಾನಿ ಮೇರಿ ವಾರ್ನಕ್ ನೇತೃತ್ವದ ಸಮಿತಿ 1978ರ ವರದಿಯಲ್ಲಿ ಹಳೆಯ ವರ್ಗಗಳನ್ನೆಲ್ಲ ಕೈಬಿಡಬೇಕೆಂದಿತು: ಐದರಲ್ಲಿ ಒಂದು ಮಗುವಿಗೆ ಶಾಲಾ ಜೀವನದ ಯಾವುದಾದರೊಂದು ಹಂತದಲ್ಲಿ ವಿಶೇಷ ನೆರವು ಬೇಕಾದೀತು, ಆದ್ದರಿಂದ ಮಗು ಯಾವ ಬಗೆಯದೆಂದು ಕೇಳದೆ ಅದಕ್ಕೆ ಏನು ಬೇಕೆಂದು ಬರೆಯಬೇಕು. 1981ರ ಕಾನೂನು ಕಲಿಕೆಯ ತೊಂದರೆ ಎಂಬ ಪದವನ್ನು ಸ್ವೀಕರಿಸಿತು.

ಇತ್ತ ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ತಾನು ಗುರುತಿಸಿದ ಅಂಗವೈಕಲ್ಯದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿತು. ಓದುವುದರಲ್ಲಿ ಮಾತ್ರ ಎಡವುವ ಡಿಸ್‌ಲೆಕ್ಸಿಯಾ, ಲೆಕ್ಕದಲ್ಲಿ ಮಾತ್ರ ಎಡವುವ ಡಿಸ್‌ಕ್ಯಾಲ್ಕ್ಯುಲಿಯಾ ಇದರೊಳಗೆ ಬರುತ್ತವೆ. ಎಲ್ಲಿ ತೊಡಕಿದೆಯೋ ಅಲ್ಲಿಗೇ ನಿಲ್ಲುವ ಈ ಪದಗಳು ಮಗುವನ್ನು ಇಡಿಯಾಗಿ ದಡ್ಡನೆನ್ನುವ ತರಗತಿಯ ರೂಢಿಗಿಂತ ಬಹಳ ಮುಂದೆ ಬಂದಿವೆ, ಪ್ರಮಾಣಪತ್ರವಿದ್ದವರಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೂ ಬರೆಯುವವರ ನೆರವೂ ದೊರೆಯುತ್ತವೆ. ಬುದ್ಧಿಲಬ್ಧ ಸುಮಾರು 70ರಿಂದ 85ರ ನಡುವೆ ಇರುವ, ಶಿಕ್ಷಕರು ನಿಧಾನ ಕಲಿಕೆಯವರೆಂದು ಕರೆಯುವ ಮಕ್ಕಳಾದರೋ ಈ 21 ಬಗೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಎಲ್ಲ ವಿಷಯಗಳಲ್ಲಿಯೂ ಸ್ವಲ್ಪ ಸ್ವಲ್ಪ ಹಿಂದಿರುವ ಅವರಿಗೆ ಕಾನೂನಿನಲ್ಲಿ ಹೆಸರಿಲ್ಲ, ಹೆಸರಿಲ್ಲದ ಕಾರಣ ಪ್ರಮಾಣಪತ್ರವೂ ಅದರಿಂದ ಬರುವ ಸೌಲಭ್ಯವೂ ಇಲ್ಲ.